ಲಿಸ್ಬನ್ನಿನಲ್ಲಿ ಒಬ್ಬರೇ ಎಂಟು ದಿನ: ಜನ ಸಿಗುವುದು ಎಲ್ಲಿ, ಹೇಗೆ?

ಪ್ರಶ್ನೆ: ನನಗೆ 41 ವರ್ಷ. ಊರು ಕುಮಟಾ, ಕೆಲಸ ಹುಬ್ಬಳ್ಳಿಯಲ್ಲಿ. ಅಕ್ಟೋಬರಿನಲ್ಲಿ ಎಂಟು ದಿನ ಒಬ್ಬಳೇ ಪೋರ್ಚುಗಲ್ಲಿನ ಲಿಸ್ಬನ್‌ಗೆ ಹೊರಟಿದ್ದೇನೆ. ವೀಸಾ ಕೈಗೆ ಬಂದಿದೆ, ಟಿಕೆಟ್ ಆಗಿದೆ, ಉಳಿಯುವ ಜಾಗ ಇನ್ನೂ ಗೊತ್ತು ಮಾಡಿಲ್ಲ. ಏನೇನು ನೋಡಬೇಕೆಂಬ ಪಟ್ಟಿ ಎಲ್ಲೆಡೆ ಸಿಗುತ್ತದೆ, ನನಗೆ ಬೇಕಿರುವುದು ಅದಲ್ಲ. ಅಲ್ಲಿಯ ಜನರ ಜೊತೆ ನಾಲ್ಕು ಮಾತಾಡಬೇಕು ಅನ್ನುವ ಆಸೆ. ಆದರೆ ಸ್ವಭಾವದಲ್ಲಿ ಸಂಕೋಚದವಳು. ಯಾರನ್ನು ನಂಬಬೇಕು, ಯಾರಿಂದ ದೂರ ಇರಬೇಕು, ಊಟಕ್ಕೆ ಒಬ್ಬಳೇ ಹೇಗೆ ಕೂರುವುದು, ಸಂಜೆ ಹೊತ್ತು ಏನು ಮಾಡುವುದು? ಮೀನು, ಮಾಂಸ ತಿನ್ನುವುದಿಲ್ಲ, ಮೊಟ್ಟೆ ಆಗುತ್ತದೆ. ಇಂಗ್ಲಿಷ್, ಹಿಂದಿ, ಕೊಂಕಣಿ ಬರುತ್ತವೆ.

ಉತ್ತರ: ಉಳಿಯುವ ಜಾಗ ಗೊತ್ತು ಮಾಡಿಲ್ಲ ಎಂದಿರಿ, ಒಳ್ಳೆಯದೇ ಆಯಿತು. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ. ಒಬ್ಬರೇ ಹೋದವರಿಗೆ ಜನ ಸಿಗಬೇಕಾದರೆ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಮತ್ತೆ ಮತ್ತೆ ಹೋಗಬೇಕು. ಎಂಟು ದಿನದಲ್ಲಿ ಮೂರು ಕಡೆ ಕೋಣೆ ಬದಲಿಸುವವರು, ದಿನಕ್ಕೊಂದು ಹೊಸ ಕೆಫೆ ಹುಡುಕುವವರು ಕೊನೆಯ ದಿನದವರೆಗೂ ಎಲ್ಲರಿಗೂ ಹೊಸಬರಾಗಿಯೇ ಉಳಿಯುತ್ತಾರೆ. ಲಿಸ್ಬನ್ನಿನವರು ಮೃದು ಸ್ವಭಾವದವರು, ಆದರೆ ತಾವಾಗಿ ಬಂದು ಗುರುತು ಪರಿಚಯವಿಲ್ಲದವರನ್ನು ಮಾತಾಡಿಸುವ ರೂಢಿ ಅಲ್ಲಿ ಕಡಿಮೆ. ಮೊದಲ ದಿನ ಕಾಫಿ ಕೊಟ್ಟು ಸುಮ್ಮನಾಗುತ್ತಾರೆ. ಮೂರನೆಯ ದಿನ ನೀವು ಬಾಯಿ ತೆರೆಯುವ ಮುಂಚೆಯೇ ನಿಮ್ಮ ಕಾಫಿಗೆ ಲೋಟ ತೆಗೆಯುತ್ತಾರೆ. ಐದನೆಯ ದಿನ ಯಾವ ಊರು ಅಂತ ಕೇಳುತ್ತಾರೆ. ಸಂಕೋಚದವರಿಗೆ ಇದಕ್ಕಿಂತ ಅನುಕೂಲದ ದಾರಿ ಇಲ್ಲ, ಏಕೆಂದರೆ ನೀವು ಮಾಡಬೇಕಾದ್ದು ಹೊತ್ತಿಗೆ ಸರಿಯಾಗಿ ಹೋಗಿ ನಿಲ್ಲುವುದಷ್ಟೇ.

ಹಾಗಾಗಿ ಎಂಟೂ ರಾತ್ರಿ ಒಂದೇ ಕಡೆ ಉಳಿಯಿರಿ. ಯಾವ ಬಡಾವಣೆ ಅನ್ನುವುದನ್ನು ನೋಡೋಣ. ಬೈಷಾ, ಷಿಯಾದು ನಗರದ ನಡುಭಾಗ. ಓಡಾಟಕ್ಕೆ ಅನುಕೂಲವೇ, ಆದರೆ ಅಲ್ಲಿ ಕಾಣುವ ಮುಖಗಳಲ್ಲಿ ಬಹುಪಾಲು ಪ್ರವಾಸಿಗರದು. ಬೈರು ಆಲ್ತುವಿನಲ್ಲಿ ರಾತ್ರಿ ಎರಡು ಗಂಟೆಯಾದರೂ ಬೀದಿಯಲ್ಲೇ ಕುಡಿತ, ಕೂಗಾಟ. ನಿದ್ದೆಯ ಆಸೆ ಬಿಡಬೇಕು. ಅಲ್ಫಾಮಾ 1755ರ ಮಹಾ ಭೂಕಂಪದಲ್ಲೂ ಬಹುಮಟ್ಟಿಗೆ ಉಳಿದುಕೊಂಡ ಹಳೆಯ ಕೇರಿ, ನೋಡಲು ಬಲು ಚಂದ. ಆದರೆ ಅದರ ಎಷ್ಟೋ ಓಣಿಗಳಿಗೆ ಕಾರು ಹೋಗುವುದಿಲ್ಲ, ಸೂಟ್‌ಕೇಸ್ ಎತ್ತಿಕೊಂಡು ಮೆಟ್ಟಿಲು ಹತ್ತಬೇಕು, ಮನೆಗಳಲ್ಲಿ ಬಹಳಷ್ಟು ಈಗ ಪ್ರವಾಸಿಗರ ಬಾಡಿಗೆ ಮನೆಗಳಾಗಿವೆ. ನಿಮಗೆ ನನ್ನ ಸಲಹೆ ಆಂಜುಶ್, ಅರೋಯುಶ್ ಅಥವಾ ಗ್ರಾಸಾ. ಮೊದಲಿನ ಎರಡೂ ಮೆಟ್ರೋದ ಹಸಿರು ಲೈನಿನ ಮೇಲಿವೆ, ಏರುತಗ್ಗು ಕಡಿಮೆ. ಬ್ರೆಜಿಲ್, ನೇಪಾಳ, ಬಾಂಗ್ಲಾದೇಶ, ಆಫ್ರಿಕಾದಿಂದ ಬಂದವರೂ ಹಳೆಯ ಲಿಸ್ಬನ್ನಿಗರೂ ಅಲ್ಲಿ ಒಂದೇ ಬೀದಿಯಲ್ಲಿ ಬದುಕುತ್ತಾರೆ. ದಿನಸಿ ಅಂಗಡಿ, ಹಣ್ಣಿನಂಗಡಿ, ಕ್ಷೌರದಂಗಡಿ ಎಲ್ಲ ಇರುವ ನಿಜವಾದ ಬಡಾವಣೆಗಳು. ಹತ್ತಿರದ ಇಂತೆಂದೆಂತೆ ನಿಲ್ದಾಣದ ಸುತ್ತ ಬೀದಿಯಲ್ಲಿ ಮಲಗುವವರು, ನಶೆಯಲ್ಲಿ ತೂಗಾಡುವವರು ಕಾಣಬಹುದು. ಅವರಾಗಿ ತೊಂದರೆ ಕೊಡುವುದು ಅಪರೂಪ, ಆದರೂ ಕತ್ತಲಾದ ಮೇಲೆ ಒಳಓಣಿ ಬಿಟ್ಟು ಅಲ್ಮಿರಾಂತ್ ರೈಶ್ ಮುಖ್ಯರಸ್ತೆಯಲ್ಲೇ ನಡೆಯಿರಿ. ಗ್ರಾಸಾ ಗುಡ್ಡದ ಮೇಲಿದೆ. ಮೆಟ್ರೋ ಇಲ್ಲ, ಟ್ರಾಮ್ ಮತ್ತು ಬಸ್ಸು ಉಂಟು. ಮೊಣಕಾಲು ಗಟ್ಟಿ ಇದ್ದರೆ ಮೂರರಲ್ಲಿ ಅದೇ ಮೇಲು.

ಕೋಣೆಯ ವಿಷಯ. ಹಾಸ್ಟೆಲ್ ಅಂದರೆ ಹುಡುಗರ ಗಲಾಟೆ ಎಂದು ಬೆದರಬೇಡಿ. ಹಾಸ್ಟೆಲ್ಲಿನೊಳಗೇ ನಿಮಗೊಂದು ಪ್ರತ್ಯೇಕ ಕೋಣೆ ತೆಗೆದುಕೊಳ್ಳುವುದು ನಿಮ್ಮ ವಯಸ್ಸಿಗೂ ಉದ್ದೇಶಕ್ಕೂ ಸರಿಹೊಂದುತ್ತದೆ: ಬಾಗಿಲು ಹಾಕಿಕೊಂಡರೆ ಏಕಾಂತ, ತೆರೆದರೆ ಅಡುಗೆಮನೆ, ಪಡಸಾಲೆ, ಜನ. ಖರ್ಚು ಕಡಿಮೆ ಆಗಬೇಕಿದ್ದರೆ ನಾಲ್ಕರಿಂದ ಆರು ಹಾಸಿಗೆಯ ಹೆಂಗಸರ ಕೋಣೆ ಕೇಳಿ. ಬುಕ್ ಮಾಡುವ ಮುಂಚೆ ಮೂರು ಸಂಗತಿ ವಿಚಾರಿಸಿ. ಅತಿಥಿಗಳು ಅಡುಗೆ ಮಾಡಿಕೊಳ್ಳಬಹುದೇ? ರಾತ್ರಿ ಎಲ್ಲರೂ ಒಂದೇ ಮೇಜಿನಲ್ಲಿ ಕೂರುವ ಊಟ ಇದೆಯೇ, ಇದ್ದರೆ ಸಸ್ಯಾಹಾರ ಸಿಗುತ್ತದೆಯೇ? ಬೀಗ ಹಾಕುವ ಪೆಟ್ಟಿಗೆ ಕೋಣೆಯೊಳಗೇ ಇದೆಯೇ? ಬಾರಿನಿಂದ ಬಾರಿಗೆ ಸುತ್ತಿಸುವ ರಾತ್ರಿ ಕಾರ್ಯಕ್ರಮಗಳನ್ನೇ ಮುಂದೆ ಮಾಡಿ ಹೇಳಿಕೊಳ್ಳುವ ಹಾಸ್ಟೆಲ್ ನಿಮಗಲ್ಲ. ಎಲ್ಲಿ ಉಳಿದರೂ ನಗರಪಾಲಿಕೆಯ ಪ್ರವಾಸಿ ತೆರಿಗೆ ರಾತ್ರಿಗೆ 4 ಯೂರೋ, ಗರಿಷ್ಠ ಏಳು ರಾತ್ರಿಗೆ. ಇದು ಕೋಣೆ ಬಾಡಿಗೆಯಲ್ಲಿ ಸೇರದೆ ಅಲ್ಲೇ ಕಟ್ಟಬೇಕಾಗಿ ಬರುತ್ತದೆ. 28 ಯೂರೋ ಬೇರೆ ಎತ್ತಿಡಿ.

ಷೆಂಗೆನ್, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ. ಅದರ ಗಡಿಯಲ್ಲಿ 2025ರ ಅಕ್ಟೋಬರ್ 12ರಿಂದ ಹೊಸ ಡಿಜಿಟಲ್ ನೋಂದಣಿ ಶುರುವಾಗಿದೆ. ನೀವು ಮೊದಲು ಕಾಲಿಡುವ ಷೆಂಗೆನ್ ವಿಮಾನ ನಿಲ್ದಾಣದಲ್ಲೇ ಅದು ಆಗುತ್ತದೆ, ಸಾಲು ಉದ್ದ ಇರಬಹುದು. ನಡುವೆ ವಿಮಾನ ಬದಲಿಸುವುದಿದ್ದರೆ ಮೂರು ಗಂಟೆಯಾದರೂ ಅಂತರ ಇರಲಿ. ಮೊದಲ ಸಂಜೆಗೆ ಯಾವ ಟಿಕೆಟ್ಟನ್ನೂ ಮುಂಗಡ ಕೊಳ್ಳಬೇಡಿ.

ಲಿಸ್ಬನ್ ವಿಮಾನ ನಿಲ್ದಾಣ ನಗರದೊಳಗೇ ಇದೆ. ಹೊರಬಂದರೆ ಮೆಟ್ರೋದ ಕೆಂಪು ಲೈನು. ಅಲಮೇದಾದಲ್ಲಿ ಹಸಿರು ಲೈನಿಗೆ ಬದಲಿಸಿದರೆ ಮುಂದಿನ ನಿಲ್ದಾಣವೇ ಅರೋಯುಶ್, ಅದರ ಮುಂದಿನದು ಆಂಜುಶ್. ಯಂತ್ರದಲ್ಲಿ 50 ಸೆಂಟಿಗೆ ನವೆಗಾಂತ್ ಕಾರ್ಡ್ ಕೊಂಡು ಅದಕ್ಕೆ ಹತ್ತು ಯೂರೋ ತುಂಬಿಸಿ. ಹೀಗೆ ಹಣ ತುಂಬಿಸಿ ಬಳಸುವುದಕ್ಕೆ ಅಲ್ಲಿ ‘ಜಾಪಿಂಗ್’ ಎನ್ನುತ್ತಾರೆ. ಮೆಟ್ರೋ, ಬಸ್ಸು, ಟ್ರಾಮ್, ನದಿಯ ಹಡಗು, ಸಿಂತ್ರಾ ಮತ್ತು ಕಶ್ಕಾಯ್ಶ್ ಕಡೆಯ ರೈಲು ಎಲ್ಲಕ್ಕೂ ಅದೇ ನಡೆಯುತ್ತದೆ. ಎಡವುವುದು ಇಲ್ಲಿ: ಕಾರ್ಡಿನಲ್ಲಿ ಜಾಪಿಂಗ್ ಹಣ ಉಳಿದಿರುವಾಗ ಅದೇ ಕಾರ್ಡಿಗೆ 24 ಗಂಟೆಯ ಪಾಸು ಹಾಕಲು ಆಗುವುದಿಲ್ಲ. ಪಾಸು ಬೇಕಾದ ದಿನಕ್ಕೆ ಎರಡನೆಯ ಕಾರ್ಡ್ ಕೊಳ್ಳಿ, 50 ಸೆಂಟಿನ ವಿಷಯ.

ಈಗ ಕೆಫೆ. ಪೋರ್ಚುಗಲ್ಲಿನಲ್ಲಿ ಬೀದಿಗೊಂದು ಪಶ್ತೆಲರಿಯಾ ಇರುತ್ತದೆ, ಕಾಫಿಯೂ ಬೇಕರಿ ತಿಂಡಿಯೂ ಒಟ್ಟಿಗೆ ಸಿಗುವ ಜಾಗ. ಕೋಣೆಯಿಂದ ಐದು ನಿಮಿಷದೊಳಗೆ, ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗುವವರು ನಿಂತು ಕಾಫಿ ಕುಡಿಯುತ್ತಿರುವ ಒಂದನ್ನು ಆರಿಸಿಕೊಳ್ಳಿ. ಕಿಟಕಿಗೆ ನಾಲ್ಕು ಭಾಷೆಯ ಮೆನು ಅಂಟಿಸಿದ್ದು ಬೇಡ. ಒಳಗೆ ಕಾಲಿಟ್ಟ ಕೂಡಲೇ ‘ಬೋಂ ದಿಯ’ ಅನ್ನಿ. ಇದನ್ನು ಬಿಡುವಂತಿಲ್ಲ. ಮಾತಿಲ್ಲದೆ ಬಂದು ಬೆರಳು ತೋರಿಸಿದವರನ್ನು ಅವರು ಗಿರಾಕಿಯಾಗಿ ನೋಡುತ್ತಾರೆ, ನಮಸ್ಕಾರ ಹೇಳಿದವರನ್ನು ಮನುಷ್ಯರಾಗಿ. ಮಧ್ಯಾಹ್ನದ ಮೇಲೆ ‘ಬೋವ ತಾರ್ದ್’, ಕತ್ತಲಾದ ಮೇಲೆ ‘ಬೋವ ನೋಯ್ತ್’. ಧನ್ಯವಾದಕ್ಕೆ ಹೆಂಗಸರು ‘ಓಬ್ರಿಗಾದ’, ಗಂಡಸರು ‘ಓಬ್ರಿಗಾದು’. ಸ್ಪ್ಯಾನಿಷ್ ಬೇಡವೇ ಬೇಡ. ಪಕ್ಕದ ದೇಶದ ಭಾಷೆಯಲ್ಲಿ ಮಾತಾಡಿಸಿದರೆ ಅವರಿಗೆ ನೋವಾಗುತ್ತದೆ. ಬರೀ ಕಾಫಿ ಎಂದರೆ ಚಿಕ್ಕ ಕಪ್ಪಿನಲ್ಲಿ ಕಡುಕಾಫಿ ಬರುತ್ತದೆ, ಲಿಸ್ಬನ್ನಿನಲ್ಲಿ ಅದಕ್ಕೆ ‘ಬಿಕಾ’ ಎಂದು ಹೆಸರು. ಹಾಲಿನ ಕಾಫಿ ಬೇಕಾದರೆ ‘ಮೈಯಾ ದ್ ಲೈತ್’ ಕೇಳಿ, ಅರ್ಧ ಹಾಲು ಅರ್ಧ ಕಾಫಿ. ‘ಗಲಾಂವ್’ ಗಾಜಿನ ಲೋಟದಲ್ಲಿ ಬರುತ್ತದೆ, ಹಾಲು ಇನ್ನೂ ಜಾಸ್ತಿ. ಬಡಾವಣೆಯ ಪಶ್ತೆಲರಿಯಾದಲ್ಲಿ ಬಿಕಾ ಒಂದು ಯೂರೋ ಆಸುಪಾಸು. ಹೊರಗಿನ ಮೇಜಿಗೆ ಹಲವೆಡೆ ಬೆಲೆ ಹೆಚ್ಚು. ಹಣ ಕೊನೆಯಲ್ಲಿ ಕೊಡುವುದು ರೂಢಿ.

ಕೂರಬೇಡಿ, ಕೌಂಟರಿನಲ್ಲಿ ನಿಲ್ಲಿ. ಇದು ಸಣ್ಣ ವಿಷಯವಾದರೂ ಫಲ ದೊಡ್ಡದು. ಮೂಲೆಯ ಮೇಜು ಹಿಡಿದು ಫೋನು ನೋಡುತ್ತಾ ಕೂತವರನ್ನು ಯಾರೂ ಮಾತಾಡಿಸುವುದಿಲ್ಲ. ಕೌಂಟರಿನಲ್ಲಿ ಪಕ್ಕದವರು ಸಕ್ಕರೆ ಪೊಟ್ಟಣ ನಿಮ್ಮ ಕಡೆ ತಳ್ಳುತ್ತಾರೆ, ಗೋಡೆಯ ಟಿವಿಯಲ್ಲಿ ಫುಟ್‌ಬಾಲ್ ಸುದ್ದಿ ನೋಡಿ ಗೊಣಗುತ್ತಾರೆ, ನಡುವೆ ನೀವೂ ಇರುತ್ತೀರಿ. ಮಾತಿಗೆ ನೆವ ಬೇಕಾದರೆ ಗಾಜಿನ ಪೆಟ್ಟಿಗೆಯ ತಿಂಡಿ ತೋರಿಸಿ ಇದರೊಳಗೆ ಏನಿದೆ ಎಂದು ಕೇಳಿ. ಹೇಗೂ ನೀವು ಕೇಳಲೇಬೇಕು, ಹ್ಯಾಮ್ ಇಲ್ಲದ ಖಾರದ ತಿಂಡಿ ಅಲ್ಲಿ ಕಡಿಮೆ. ಯುವಕರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಅರವತ್ತು ದಾಟಿದವರಲ್ಲಿ ಫ್ರೆಂಚ್ ಬಲ್ಲವರೇ ಹೆಚ್ಚು; 1960ರ ದಶಕದಿಂದ ಲಕ್ಷಾಂತರ ಜನ ಕೂಲಿಗಾಗಿ ಫ್ರಾನ್ಸಿಗೆ ಹೋಗಿ ಬಂದವರು. ಬಡಿಸುವವರಲ್ಲಿ ಬಹಳ ಮಂದಿ ಬ್ರೆಜಿಲ್ಲಿನವರು. ದೇಶದ ಅತಿ ದೊಡ್ಡ ವಲಸಿಗ ಸಮುದಾಯ ಅವರದೇ, ಮಾತಿಗೆ ಸ್ಥಳೀಯರಿಗಿಂತ ಬೇಗ ಇಳಿಯುತ್ತಾರೆ.

ಊಟಕ್ಕೆ ಒಬ್ಬರೇ ಕೂರುವ ಮುಜುಗರ ಮಧ್ಯಾಹ್ನ ಇರುವುದಿಲ್ಲ. ಹನ್ನೆರಡೂವರೆಗೆ ತಾಶ್ಕಾ ಅನ್ನುವ ಸಣ್ಣ ಖಾನಾವಳಿಗಳಿಗೆ ಹೋದರೆ ಅರ್ಧ ಜನ ಒಬ್ಬೊಬ್ಬರೇ ಕೂತು ಉಣ್ಣುತ್ತಿರುತ್ತಾರೆ. ಒಂದೂವರೆಗೆ ಹೋದರೆ ಸಾಲು. ಮೂರರಿಂದ ಏಳರವರೆಗೆ ಅಡುಗೆಮನೆ ಮುಚ್ಚಿರುತ್ತದೆ. ದೊಡ್ಡ ಊಟ ಮಧ್ಯಾಹ್ನ ಮಾಡಿ, ರಾತ್ರಿಗೆ ಹಗುರಾಗಿರಲಿ. ‘ವೆಜಿತರಿಯಾನ’ ಎಂದಷ್ಟೇ ಹೇಳಿದರೆ ಹಳೆಯ ಖಾನಾವಳಿಗಳಲ್ಲಿ ಟ್ಯೂನಾ ಮೀನಿನ ಸಲಾಡ್ ಬರುವ ಸಂಭವ ಉಂಟು. ‘ಸೆಂ ಕಾರ್ನ್, ಸೆಂ ಪೈಶ್’ ಎಂದು ಸೇರಿಸಿ: ಮಾಂಸ ಬೇಡ, ಮೀನು ಬೇಡ. ಸೊಪ್ಪು ಆಲೂಗಡ್ಡೆಯ ‘ಕಾಲ್ದು ವೆರ್ದ್’ ಸೂಪು ನೋಡಲು ಸಸ್ಯಾಹಾರ, ಆದರೆ ಅದರಲ್ಲಿ ಹಂದಿಮಾಂಸದ ಶೊರೀಸು ತುಂಡು ಹಾಕಿರುತ್ತಾರೆ. ತೆಗೆದುಕೊಟ್ಟರೂ ರಸದಲ್ಲಿ ಇದ್ದೇ ಇರುತ್ತದೆ. ಅಂದಂದಿನ ತರಕಾರಿ ಸೂಪು ಇದ್ದರೆ ವಿಚಾರಿಸಿ ತೆಗೆದುಕೊಳ್ಳಿ. ‘ಪೈಶೀಞುಶ್ ದ ಓರ್ತ’ ಎಂಬ ಹೆಸರಿನಲ್ಲಿ ಮೀನಿದ್ದರೂ ತಟ್ಟೆಯಲ್ಲಿರುವುದು ಹುರುಳಿಕಾಯಿ ಬಜ್ಜಿ, ಧೈರ್ಯವಾಗಿ ತಿನ್ನಿ. ಸಿಹಿಗಳಲ್ಲಿ ಮೊಟ್ಟೆಯ ಹಳದಿಯದೇ ರಾಜ್ಯ, ನಿಮಗೆ ಅದು ಅಡ್ಡಿಯಿಲ್ಲ.

ಕೂತ ಕೂಡಲೇ ಕೇಳದೆಯೇ ಬ್ರೆಡ್ಡು, ಬೆಣ್ಣೆ, ಆಲಿವ್ ತಂದಿಡುತ್ತಾರೆ. ಇದಕ್ಕೆ ‘ಕುವೆರ್ತ್’ ಎನ್ನುತ್ತಾರೆ, ಬಿಟ್ಟಿ ಅಲ್ಲ. ಮುಟ್ಟಿದ್ದಕ್ಕೆ ಹಣ, ಮುಟ್ಟದ್ದಕ್ಕೆ ಇಲ್ಲ. ಕಾನೂನೂ ಹಾಗೆಯೇ ಹೇಳುತ್ತದೆ. ಬೇಡವಾದರೆ ನಗುತ್ತಾ ವಾಪಸು ಕೊಡಿ, ಅವರಿಗೆ ಬೇಜಾರಿಲ್ಲ. ಪ್ರವಾಸಿಗರು ಮೋಸ ಹೋದೆವೆಂದು ಜಗಳ ತೆಗೆಯುವುದು ಹೆಚ್ಚಾಗಿ ಇದೇ ಬ್ರೆಡ್ಡಿನ ಮೇಲೆ.

ನೀವು ಕೇಳಿದ ಸಂಜೆಯ ಪ್ರಶ್ನೆ ಬಲು ಮುಖ್ಯವಾದದ್ದು. ಒಬ್ಬರೇ ಹೋದವರಿಗೆ ಒಂಟಿತನ ಕಾಡುವುದು ಸಾಮಾನ್ಯವಾಗಿ ಸಂಜೆ ಐದೂವರೆಯಿಂದ ಎಂಟರ ನಡುವೆ. ಮ್ಯೂಸಿಯಂಗಳು ಮುಚ್ಚಿರುತ್ತವೆ, ರಾತ್ರಿಯ ಊಟ ಶುರುವಾಗಿರುವುದಿಲ್ಲ, ಸುತ್ತಲಿನವರೆಲ್ಲ ಮನೆಗೋ ಸ್ನೇಹಿತರ ಕಡೆಗೋ ಹೋಗುತ್ತಿರುತ್ತಾರೆ. ಮೊದಲೆರಡು ದಿನದ ಹುರುಪು ಇಳಿದು, ಮೂರನೆಯ ಸಂಜೆ ಹೊತ್ತಿಗೆ ಬಂದದ್ದೇ ತಪ್ಪಾಯಿತೇನೋ ಅನ್ನಿಸಬಹುದು. ಕಾರಣ ನಿಮ್ಮಲ್ಲಿಲ್ಲ, ಆ ಊರಿನ ದಿನಚರಿಯಲ್ಲಿದೆ. ಆದ್ದರಿಂದ ಈ ಎರಡೂವರೆ ಗಂಟೆಯನ್ನು ಮೊದಲೇ ತುಂಬಿಸಿಟ್ಟುಕೊಳ್ಳಿ. ಅಕ್ಟೋಬರ್ ನಡುವೆ ಸೂರ್ಯ ಮುಳುಗುವುದು ಏಳರ ಹತ್ತಿರ. ಗುಡ್ಡದ ಅಂಚುಗಳಲ್ಲಿ ‘ಮಿರಾದೋರು’ ಎಂಬ ಕಟ್ಟೆಗಳಿವೆ, ನಗರ ನೋಡುತ್ತಾ ಕೂರಲೆಂದೇ ಮಾಡಿದವು. ಗ್ರಾಸಾದಲ್ಲೇ ಅಂಥವು ಎರಡು. ಕಿಯೋಸ್ಕಿನಿಂದ ಒಂದು ನಿಂಬೆ ಪಾನಕ ತಂದು ಕೂತರೆ ಪಕ್ಕದಲ್ಲಿ ಕೂತವರು ಫೋಟೊ ತೆಗೆದುಕೊಡಿ ಎಂದು ಕೇಳುವುದು ಖಚಿತ. ನೀವೇ ಮೊದಲು ಕೇಳಿದರೂ ಸರಿ. ಇನ್ನೊಂದು ಸಂಜೆ ಕೈಶ್ ದು ಸುದ್ರೆಯಿಂದ ಹಡಗು ಹತ್ತಿ ತೇಜು ನದಿಯ ಆಚೆ ದಡದ ಕಸೀಲ್ಯಾಶ್‌ಗೆ ಹೋಗಿ ಬನ್ನಿ. ಹತ್ತು ನಿಮಿಷದ ದಾರಿ, ಜಾಪಿಂಗ್ ಕಾರ್ಡೇ ಸಾಕು. ಆ ಹೊತ್ತಿಗೆ ಹಡಗಿನಲ್ಲಿರುವವರು ಕೆಲಸ ಮುಗಿಸಿ ಮನೆಗೆ ಹೊರಟವರು. ಹಾಸ್ಟೆಲ್ಲಿನ ಸಾಮೂಹಿಕ ಊಟಕ್ಕೆ ಮೂರನೆಯ ರಾತ್ರಿಯನ್ನೇ ಆರಿಸಿ, ಮಧ್ಯಾಹ್ನದೊಳಗೆ ಹೆಸರು ಬರೆಸಿ.

ಮಾತು ತಾನಾಗಿ ಹುಟ್ಟುವ ಜಾಗ ಹುಡುಕುತ್ತಿದ್ದರೆ ಗೋಡೆಗೆ ಹಚ್ಚುವ ‘ಅಜುಲೇಜು’ ಹೆಂಚಿನ ಮೇಲೆ ಚಿತ್ರ ಬರೆಯುವ ಕಮ್ಮಟಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಎರಡು ಮೂರು ಗಂಟೆಯ ತರಗತಿ, ಒಂದು ಮೇಜಿನ ಸುತ್ತ ಕೆಲವೇ ಜನ. ಒಮ್ಮೆ ಸುಟ್ಟ ಚೌಕ ಹೆಂಚು ಕೊಡುತ್ತಾರೆ, ಸಾಂಪ್ರದಾಯಿಕ ಅಳತೆ ಸುಮಾರು 14 ಸೆಂಟಿಮೀಟರ್. ಅದರ ಮೇಲೆ ಹಸಿ ಮೆರುಗಿನ ಬಿಳಿ ಲೇಪ ಒಣಗಿ ಪುಡಿಪುಡಿಯಾಗಿ ನಿಂತಿರುತ್ತದೆ, ಬೆರಳು ತಾಗಿದರೆ ಉದುರುತ್ತದೆ. ಕಾಗದದ ಮೇಲಿನ ವಿನ್ಯಾಸದ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಹಾಕಿ, ಹೆಂಚಿನ ಮೇಲಿಟ್ಟು, ಇದ್ದಿಲು ಪುಡಿಯ ಬಟ್ಟೆಗಂಟನ್ನು ಮೆಲ್ಲಗೆ ತಟ್ಟಬೇಕು. ಕಾಗದ ಎತ್ತಿದರೆ ಕಪ್ಪು ಚುಕ್ಕಿಗಳ ರೂಪ ಉಳಿದಿರುತ್ತದೆ. ಆ ಚುಕ್ಕಿಗಳ ಮೇಲೆ ಬಣ್ಣ ಎಳೆಯುವುದು. ಕಷ್ಟ ಇರುವುದು ಇಲ್ಲೇ: ಒಣ ಲೇಪ ಕುಂಚದ ನೀರನ್ನು ತಟ್ಟನೆ ಹೀರಿಬಿಡುತ್ತದೆ, ಎಳೆದ ಗೆರೆ ಅಳಿಸಲು ಬರುವುದಿಲ್ಲ. ಕುಂಚ ಒಂದು ಕ್ಷಣ ತಡೆದರೆ ಅಲ್ಲೊಂದು ಬೊಟ್ಟು, ಒತ್ತಿದರೆ ಲೇಪವೇ ಕಿತ್ತು ಬರುತ್ತದೆ. ಬಣ್ಣಕ್ಕೆ ನೀರು ಸ್ವಲ್ಪ ಹೆಚ್ಚಿಗೆ ಬೆರೆಸಿ, ಕೈ ನಿಲ್ಲಿಸದೆ ಎಳೆಯಿರಿ. ಎಲ್ಲರ ಹೆಂಚಿನಲ್ಲೂ ಒಂದೊಂದು ಬೊಟ್ಟು ಬಿದ್ದೇ ಬೀಳುತ್ತದೆ, ಅದನ್ನು ತೋರಿಸಿಕೊಂಡು ನಗುವಷ್ಟರಲ್ಲಿ ಹೆಸರು, ಊರು ಎಲ್ಲ ಗೊತ್ತಾಗಿರುತ್ತದೆ. ಕೈಗೆ ಕೆಲಸ ಇರುವಾಗ ಮೌನವೂ ಮುಜುಗರ ತರುವುದಿಲ್ಲ. ಹೆಂಚು ಮತ್ತೆ ಕುಲುಮೆಯಲ್ಲಿ ಸುಟ್ಟು ಕೈಗೆ ಬರಲು ಒಂದೆರಡು ದಿನವಾದರೂ ಹಿಡಿಯುತ್ತದೆ. ಕೊನೆಯ ದಿನಕ್ಕೆ ಇಟ್ಟುಕೊಂಡವರು ಹೆಂಚು ಬಿಟ್ಟು ಬರಬೇಕಾಗುತ್ತದೆ. ನೀವು ಎರಡನೆಯ ದಿನವೇ ಮಾಡಿ.

ಅದೇ ಎರಡನೆಯ ದಿನ ಬೆಳಗ್ಗೆ ಗುಂಪು ನಡಿಗೆಯೊಂದಕ್ಕೆ ಸೇರಿಕೊಳ್ಳಿ. ಉಚಿತ ಎಂದು ಕರೆದುಕೊಳ್ಳುವ ಈ ನಡಿಗೆಗಳು ನಡೆಯುವುದು ಕೊನೆಯಲ್ಲಿ ಕೊಡುವ ಹಣದಿಂದ. 10ರಿಂದ 15 ಯೂರೋ ಕೊಡುವುದು ಮರ್ಯಾದೆ. ಒಬ್ಬೊಬ್ಬರೇ ಬಂದವರು ಅಲ್ಲಿ ಎರಡು ಮೂರು ಮಂದಿಯಾದರೂ ಇರುತ್ತಾರೆ.

ಫಾದು ಕೇಳದೆ ಬರಬೇಡಿ. ಯುನೆಸ್ಕೊ 2011ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ ಹಾಡುಗಾರಿಕೆ ಇದು. ಹನ್ನೆರಡು ತಂತಿಯ ಪೋರ್ಚುಗೀಸ್ ಗಿಟಾರು, ಜೊತೆಗೆ ಸಾಮಾನ್ಯ ಗಿಟಾರು, ಒಂದು ಕಂಠ. ಊಟ ಸಮೇತದ ಫಾದು ಮನೆಗಳು ದುಬಾರಿ, ಒಬ್ಬರಿಗೆ ಐವತ್ತು ಯೂರೋ ಆದರೂ ಆಶ್ಚರ್ಯವಿಲ್ಲ, ಸಸ್ಯಾಹಾರಿಗೆ ಅಲ್ಲಿ ಉಣ್ಣಲು ಸಿಗುವುದೂ ಕಡಿಮೆ. ‘ಫಾದು ವಾದಿಯು’ ನಡೆಯುವ ಸಣ್ಣ ಜಾಗ ಹುಡುಕಿ: ಹವ್ಯಾಸಿಗಳು, ಅಡುಗೆಯವರು, ಪಕ್ಕದ ಬೀದಿಯವರು ಎದ್ದು ಹಾಡುತ್ತಾರೆ. ಕೂರುವ ಮುಂಚೆ ಕನಿಷ್ಠ ಎಷ್ಟು ಖರ್ಚು ಮಾಡಬೇಕು ಎಂದು ಕೇಳಿಕೊಳ್ಳಿ. ಹಾಡು ಶುರುವಾಗುವಾಗ ದೀಪ ತಗ್ಗಿಸುತ್ತಾರೆ. ಆಮೇಲೆ ಮಾತು ನಿಷಿದ್ಧ, ಪಿಸುಮಾತು ಕೂಡ. ಬಡಿಸುವವರೂ ನಿಂತುಬಿಡುತ್ತಾರೆ. ವಿಡಿಯೊ ಮಾಡುತ್ತಾ ಕೈ ಎತ್ತಿದವರನ್ನು ಪಕ್ಕದವರೇ ಗದರಿಸುತ್ತಾರೆ. ಮೂರು ನಾಲ್ಕು ಹಾಡಿನ ಮೇಲೆ ವಿರಾಮ ಬರುತ್ತದೆ, ದೀಪ ಹತ್ತುತ್ತದೆ, ಇಡೀ ಕೋಣೆ ಒಟ್ಟಿಗೆ ಮಾತಿಗಿಳಿಯುತ್ತದೆ. ಜಾಗ ಇಕ್ಕಟ್ಟು, ಮೇಜು ಹಂಚಿಕೊಂಡು ಕೂರಿಸಿರುತ್ತಾರೆ. ಪಕ್ಕದವರಿಗೆ ಈ ಹಾಡಿನ ಅರ್ಥ ಏನು ಎಂದು ಕೇಳಿದರೆ ಸಾಕು, ವಿರಾಮ ಮುಗಿಯುವುದರೊಳಗೆ ಅವರ ಮಾತು ಮುಗಿಯುವುದಿಲ್ಲ.

ಉದ್ಯಾನಗಳಲ್ಲಿ ಮಧ್ಯಾಹ್ನದ ಮೇಲೆ ವಯಸ್ಸಾದ ಗಂಡಸರು ಇಸ್ಪೀಟು ಆಡುತ್ತಿರುತ್ತಾರೆ. ಆಟದ ಹೆಸರು ‘ಸ್ವೆಕ’. ನಾಲ್ವರು, ಎದುರುಬದುರು ಕೂತವರು ಜೋಡಿ, ಎಂಟು ಒಂಬತ್ತು ಹತ್ತು ತೆಗೆದು ಉಳಿದ 40 ಎಲೆ. ಎಕ್ಕದ ನಂತರ ದೊಡ್ಡದು ಏಳು. ಹಿಂದೆ ನಿಂತು ನೋಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಜೋಡಿಗಳು ಆಟದ ನಡುವೆ ಮಾತಾಡುವಂತಿಲ್ಲ, ನೀವೂ ಮಾತಾಡಬಾರದು. ಒಂದಾಟ ಮುಗಿದ ಮೇಲೆ ಕೇಳಿ.

ಈಗ ನಮ್ಮ ಕಡೆಯವರ ವಿಷಯ. ಮಾರ್ತಿಂ ಮುನೀಶ್ ಚೌಕ ಮತ್ತು ಅದರಿಂದ ಹೊರಡುವ ಬೆಂಫರ್ಮೋಜು ಬೀದಿಯಲ್ಲಿ ಬಾಂಗ್ಲಾದೇಶ, ನೇಪಾಳ, ಭಾರತ, ಪಾಕಿಸ್ತಾನದವರ ಅಂಗಡಿಗಳ ಸಾಲೇ ಇದೆ. ಬೇಳೆ, ಅಕ್ಕಿ, ಹಸಿಮೆಣಸು, ಕೊತ್ತಂಬರಿ ಎಲ್ಲ ಸಿಗುತ್ತದೆ, ಹಾಸ್ಟೆಲ್ ಅಡುಗೆಮನೆಯಲ್ಲಿ ಒಂದು ದಿನ ಸಾರು ಅನ್ನ ಮಾಡಿಕೊಳ್ಳಬಹುದು. ನಿಮ್ಮ ಹಿಂದಿ ಅಲ್ಲಿ ನಡೆಯುತ್ತದೆ. ಆದರೆ ಎರಡು ಎಚ್ಚರ ಬೇಕು. 2024ರ ಡಿಸೆಂಬರಿನಲ್ಲಿ ಪೊಲೀಸರು ಇದೇ ಬೀದಿಯಲ್ಲಿ ಹತ್ತಾರು ವಲಸಿಗರನ್ನು ಗೋಡೆಗೆ ಮುಖಮಾಡಿ ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡಿದರು, ದೇಶದಲ್ಲೇ ದೊಡ್ಡ ವಿವಾದವಾಯಿತು, ಮರುತಿಂಗಳು ಸಾವಿರಾರು ಜನ ಬೀದಿಗಿಳಿದು ಪ್ರತಿಭಟಿಸಿದರು. ವಲಸೆ ಈಗ ಅಲ್ಲಿ ಬಿಸಿ ರಾಜಕೀಯ. ಆದ್ದರಿಂದ ಜನರ ಮುಖ ಬರುವಂತೆ ಫೋಟೊ ತೆಗೆಯಬೇಡಿ. ಸಂಬಳ ಎಷ್ಟು, ಕಾಗದಪತ್ರ ಆಯಿತೇ ಎಂದು ನಮ್ಮೂರಿನ ಸಲುಗೆಯಲ್ಲಿ ಕೇಳಬೇಡಿ. ಅವರಾಗಿ ಹೇಳಿಕೊಂಡರೆ ಕೇಳಿಸಿಕೊಳ್ಳಿ. ಊರು ಬಿಟ್ಟು ವರ್ಷಗಟ್ಟಲೆ ಕಾಗದಕ್ಕೆ ಕಾಯುವವರಿಗೆ ಕೇಳಿಸಿಕೊಳ್ಳುವವರು ಸಿಗುವುದು ದೊಡ್ಡದು.

ನಿಮ್ಮ ಕೊಂಕಣಿಗೂ ಕೆಲಸ ಇದೆ. 1961ರ ಡಿಸೆಂಬರಿಗೆ ಮುಂಚೆ ಗೋವಾದಲ್ಲಿ ಹುಟ್ಟಿದವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಪೋರ್ಚುಗೀಸ್ ಪೌರತ್ವ ಪಡೆಯಲು ದಾರಿ ಇದೆ, ಹಾಗೆ ಬಂದು ನೆಲೆಸಿದವರು ಉಂಟು. ಗೋವಾ ಅಡುಗೆಯ ಹೋಟೆಲುಗಳಲ್ಲಿ ಒಂದು ವಾಕ್ಯ ಕೊಂಕಣಿ ಆಡಿ ನೋಡಿ. ಹಸಿರು ಲೈನಿನ ಕೊನೆಯ ನಿಲ್ದಾಣ ತೆಲ್ಯೈರಶ್ ಕಡೆ ಹಿಂದೂ ಸಮುದಾಯದ ರಾಧಾಕೃಷ್ಣ ದೇವಸ್ಥಾನವಿದೆ. ಇಲ್ಲಿಯವರಲ್ಲಿ ಹೆಚ್ಚಿನವರು ಗುಜರಾತಿ ಮೂಲದವರು, 1975ರಲ್ಲಿ ಮೊಜಾಂಬಿಕ್ ಸ್ವತಂತ್ರವಾದ ಸುಮಾರಿಗೆ ಅಲ್ಲಿಂದ ಬಂದ ಕುಟುಂಬಗಳು. ದೇವಸ್ಥಾನದಲ್ಲಿ ಸಸ್ಯಾಹಾರಿ ಊಟದ ಮನೆಯೂ ಇದೆ, ಹೊರಗಿನವರೂ ಉಣ್ಣಬಹುದು. ಹೋಗುವ ಮುಂಚೆ ಫೋನು ಮಾಡಿ ಹೊತ್ತು ಖಚಿತಪಡಿಸಿಕೊಳ್ಳಿ. ಬಡಿಸಿಕೊಂಡು ಉದ್ದ ಮೇಜಿಗೆ ಕೂತರೆ ಅಜ್ಜಿಯರ ವಿಚಾರಣೆ ಶುರುವಾಗುತ್ತದೆ. ಒಬ್ಬಳೇ ಬಂದಿದ್ದೀಯಾ ಅನ್ನುವ ಪ್ರಶ್ನೆಗೆ ಉತ್ತರ ಸಿದ್ಧ ಇಟ್ಟುಕೊಳ್ಳಿ.

ಭಾರತದವರು ಎಂದರೆ ಹಿರಿಯ ಪೋರ್ಚುಗೀಸರ ಬಾಯಿಂದ ಮೊದಲು ಬರುವ ಮಾತು ಗೋವಾ. ಅವರ ದೇಶ ಗೋವಾ ಭಾರತದ್ದೆಂದು ಒಪ್ಪಿಕೊಂಡದ್ದು 1974ರ ಏಪ್ರಿಲ್ ಕ್ರಾಂತಿಯಲ್ಲಿ ಸರ್ವಾಧಿಕಾರ ಉರುಳಿದ ಮೇಲೆಯೇ, ಅದೇ ವರ್ಷದ ಕೊನೆಯ ದಿನ ಸಹಿಯಾದ ಒಪ್ಪಂದದಲ್ಲಿ. ಈ ವಿಷಯದಲ್ಲಿ ಸಂಕೋಚ ಬೇಡ. ಲಿಸ್ಬನ್ನಿನ ಬೆಲೆಂ ಬಡಾವಣೆಯ ಜೆರೋನಿಮುಶ್ ಮಠದಲ್ಲಿ ವಾಸ್ಕೊ ಡ ಗಾಮನ ಸಮಾಧಿ ನೋಡಿ ಬಂದು ಆ ಬಗ್ಗೆ ಮಾತು ಬಂದರೆ, ಬಸರೂರು ಹೊನ್ನಾವರದ ಅಕ್ಕಿ ಮೆಣಸಿನ ಕತೆ, ಉಳ್ಳಾಲದ ಅಬ್ಬಕ್ಕನ ಕತೆ ನೀವೂ ಹೇಳಿ. ವಿಜಯನಗರದ ವೈಭವವನ್ನು ಕಣ್ಣಾರೆ ಕಂಡು ಬರೆದಿಟ್ಟ ಪಾಯೆಸ್ ಮತ್ತು ನುನಿಜ್ ಪೋರ್ಚುಗೀಸರು. ನುನಿಜ್ ಕುದುರೆ ವ್ಯಾಪಾರಿ. ಹಂಪಿಯ ಒಂದೆರಡು ಚಿತ್ರ ಫೋನಿನಲ್ಲಿರಲಿ. ತಮ್ಮ ಶಾಲೆಯಲ್ಲಿ ಕೇಳದ ಅರ್ಧ ಕತೆ ಎದುರಿಗೆ ಕೂತವರ ಬಾಯಲ್ಲಿ ಕೇಳಲು ಬಹಳ ಜನ ಆಸಕ್ತಿ ತೋರಿಸುತ್ತಾರೆ. ವಾದಕ್ಕೆ ನಿಂತವರಿದ್ದರೆ ಕಾಫಿ ಮುಗಿಸಿ ಎದ್ದುಬಿಡಿ.

ಯಾರಿಂದ ದೂರ ಇರಬೇಕು ಎಂದು ಕೇಳಿದಿರಿ. ಒಂದು ಅಳತೆ ಇದೆ: ನೀವಾಗಿ ಹೋಗಿ ಮಾತಾಡಿಸಿದವರಿಂದ ತೊಂದರೆ ಬಹುತೇಕ ಬರುವುದಿಲ್ಲ. ನಡುಬೀದಿಯಲ್ಲಿ ತಾವಾಗಿ ಎದುರಾಗಿ ನಿಮ್ಮನ್ನು ನಿಲ್ಲಿಸುವವರು ಏನೋ ಮಾರುವವರು ಅಥವಾ ಕೀಳುವವರು. ಬೈಷಾದ ಅಗುಸ್ತಾ ಬೀದಿ, ರೊಸ್ಸಿಯು ಚೌಕದಲ್ಲಿ ‘ಹಶೀಶ್ ಬೇಕೇ’ ಎಂದು ಪಿಸುಗುಟ್ಟುವವರು ಹಗಲಲ್ಲೇ ಇರುತ್ತಾರೆ. ಅವರ ಕೈಲಿರುವುದು ಎಷ್ಟೋ ಸಲ ಒತ್ತಿ ಗಟ್ಟಿ ಮಾಡಿದ ಲವಂಗದೆಲೆ ಜಾತಿಯ ಸೊಪ್ಪು. ಮುಖ ನೋಡದೆ, ನಿಲ್ಲದೆ ‘ನಾಂವ್’ (ಬೇಡ) ಎಂದು ಮುಂದೆ ನಡೆಯಿರಿ, ಹಿಂಬಾಲಿಸುವುದಿಲ್ಲ. ಮೆನು ಹಿಡಿದು ಕರೆಯುವ ಹೋಟೆಲುಗಳಿಗೆ ಹೋಗಬೇಡಿ. ಜೇಬುಗಳ್ಳರ ಪ್ರಿಯವಾದ ಜಾಗ 28ನೇ ನಂಬರಿನ ಹಳದಿ ಟ್ರಾಮ್. ಹತ್ತುವಾಗಿನ ನೂಕುನುಗ್ಗಲಿನಲ್ಲೇ ಕೆಲಸ ಮುಗಿದಿರುತ್ತದೆ: ಮುಂದಿನವರು ಮೆಟ್ಟಿಲಲ್ಲಿ ಸುಮ್ಮನೆ ತಡೆಯುತ್ತಾರೆ, ಹಿಂದಿನವರು ಒತ್ತುತ್ತಾರೆ, ನಿಮ್ಮ ಗಮನ ಕಾಲಿನ ಮೇಲಿರುವಾಗ ಚೀಲದ ಜಿಪ್ಪು ತೆರೆದಿರುತ್ತದೆ. ಚೀಲ ಎದೆಯ ಮೇಲೆ ಹಾಕಿ, ಬೆಳಗ್ಗೆ ಎಂಟರೊಳಗೆ ಹತ್ತಿ. ಹಳೆಯ ವಿಡಿಯೊಗಳಲ್ಲಿ ಕಾಣುವ ಗ್ಲೋರಿಯಾ ಇಳಿಜಾರು ಟ್ರಾಮ್ 2025ರ ಸೆಪ್ಟೆಂಬರ್ 3ರಂದು ಹಳಿ ತಪ್ಪಿ 16 ಜನ ತೀರಿಕೊಂಡರು. ಅದನ್ನು ನಿಮ್ಮ ಪಟ್ಟಿಯಲ್ಲಿ ಇಟ್ಟುಕೊಳ್ಳಬೇಡಿ.

ಹೊಸ ಪರಿಚಯದವರನ್ನು ಎರಡನೆಯ ಸಲ ಕಾಣುವುದಿದ್ದರೆ ಜಾಗ ನೀವು ಆರಿಸಿ, ಹಗಲು ಹೊತ್ತಿರಲಿ, ನಿಮ್ಮ ಬಿಲ್ಲು ನೀವು ಕೊಡಿ, ಹಿಂತಿರುಗುವ ದಾರಿ ಅವರನ್ನು ನೆಚ್ಚಿರಬಾರದು. ಉಳಿದಿರುವ ಹಾಸ್ಟೆಲ್ಲಿನ ಹೆಸರು ಹೇಳಬೇಕಿಲ್ಲ, ಬಡಾವಣೆ ಹೇಳಿದರೆ ಸಾಕು. ‘ಒಂದು ದಿನ ಕಾಫಿಗೆ ಸಿಗೋಣ’ ಎಂದು ಅಲ್ಲಿ ಧಾರಾಳವಾಗಿ ಹೇಳುತ್ತಾರೆ, ನಾವು ದಾರಿಯಲ್ಲಿ ಸಿಕ್ಕವರಿಗೆ ಮನೆಗೆ ಬನ್ನಿ ಅನ್ನುವ ಹಾಗೆ. ದಿನ, ಹೊತ್ತು ಹೇಳದಿದ್ದರೆ ಅದು ಕರೆಯಲ್ಲ, ಕಾಯುತ್ತಾ ಕೂತು ಬೇಸರಪಡಬೇಡಿ. ನಿಜವಾಗಿ ಕಾಣುವ ಆಸೆಯಿದ್ದರೆ ‘ಗುರುವಾರ ನಾಲ್ಕಕ್ಕೆ’ ಎಂದು ನೀವೇ ಹೇಳಿ. ಪರಿಚಯವಾದ ಹೆಂಗಸರು ಎರಡು ಕೆನ್ನೆಗೂ ಕೆನ್ನೆ ತಾಗಿಸಿ ವಂದಿಸುತ್ತಾರೆ. ನಿಮಗೆ ಒಗ್ಗದಿದ್ದರೆ ಒಂದು ಹೆಜ್ಜೆ ಮುಂಚೆಯೇ ಕೈ ಚಾಚಿ, ತಪ್ಪು ತಿಳಿಯುವುದಿಲ್ಲ.

ಉಳಿದವು ಚುಟುಕಾಗಿ. ಪಾದಚಾರಿ ದಾರಿಗಳಿಗೆ ನಯವಾದ ಸುಣ್ಣಕಲ್ಲಿನ ಚಿಕ್ಕ ಚೌಕಗಳನ್ನು ಹಾಸಿರುತ್ತಾರೆ, ಮಳೆ ಬಿದ್ದರೆ ಎಣ್ಣೆ ಹಚ್ಚಿದಂತೆ ಜಾರುತ್ತವೆ. ಅಕ್ಟೋಬರ್ ಕೊನೆಗೆ ಮಳೆ ಶುರು. ಹಿಡಿತವಿರುವ ರಬ್ಬರ್ ಅಟ್ಟೆಯ ಹಳೆಯ ಬೂಟು ಒಯ್ಯಿರಿ. ಮ್ಯೂಸಿಯಂಗಳಲ್ಲಿ ಬಹಳಷ್ಟಕ್ಕೆ ಸೋಮವಾರ ರಜೆ. ನಿಮ್ಮ ಕಾರ್ಡಿನ ವಿದೇಶಿ ಬಳಕೆಯನ್ನು ಬ್ಯಾಂಕಿನ ಆಪಿನಲ್ಲಿ ಹೊರಡುವ ಮುಂಚೆಯೇ ತೆರೆದಿಡಿ. ಎಟಿಎಂಗೆ ‘ಎಂಬಿ’ ಗುರುತಿನ ಮಲ್ಟಿಬಾಂಕು ಯಂತ್ರ ಬಳಸಿ. ರೂಪಾಯಿ ಲೆಕ್ಕದಲ್ಲಿ ಕಟ್ಟುತ್ತೀರಾ ಎಂದು ಯಂತ್ರ ಕೇಳಿದರೆ ಬೇಡ ಎಂದು ಯೂರೋ ಒತ್ತಿ, ಇಲ್ಲವಾದರೆ ಅವರ ದರದಲ್ಲಿ ನಷ್ಟ. ಸಣ್ಣ ತಾಶ್ಕಾಗಳು ವಿದೇಶಿ ಕಾರ್ಡ್ ತೆಗೆದುಕೊಳ್ಳದಿರಬಹುದು, 30 ಯೂರೋ ಚಿಲ್ಲರೆ ಸದಾ ಇರಲಿ. ಮೆಟ್ರೋ ರಾತ್ರಿ ಒಂದರವರೆಗೆ ಓಡುತ್ತದೆ. ತುರ್ತು ನಂಬರು 112. ಕಳವಾದರೆ ರೆಶ್ತೌರದೋರಶ್ ಚೌಕದ ಪಲಾಸಿಯು ಫೋಶ್ ಕಟ್ಟಡದಲ್ಲಿ ಪ್ರವಾಸಿಗರಿಗಾಗಿಯೇ ಪೊಲೀಸ್ ಠಾಣೆ ಇದೆ. ಪಾಸ್‌ಪೋರ್ಟೇ ಹೋದರೆ ಮೊದಲು ಅಲ್ಲಿ ದೂರು ಬರೆಸಿ ಅದರ ಪ್ರತಿ ಪಡೆಯಿರಿ. ಆ ಪ್ರತಿ, ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ನಕಲು, ಎರಡು ಭಾವಚಿತ್ರ ಹಿಡಿದು ಲಿಸ್ಬನ್ನಿನಲ್ಲೇ ಇರುವ ಭಾರತದ ರಾಯಭಾರ ಕಚೇರಿಗೆ ಹೋದರೆ ಊರಿಗೆ ಮರಳಲು ತುರ್ತು ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಆ ನಕಲುಗಳನ್ನೂ ಭಾವಚಿತ್ರಗಳನ್ನೂ ಹುಬ್ಬಳ್ಳಿಯಲ್ಲೇ ಮಾಡಿಸಿ, ಪಾಸ್‌ಪೋರ್ಟ್ ಇಡುವ ಚೀಲದಲ್ಲಿ ಇಡದೆ ಬೇರೆ ಕಡೆ ಇಟ್ಟುಕೊಳ್ಳಿ.